ಕಡ ತಂದ ದನಿ, ಕುಣಿವ ಮೈ



ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಸುಮಾರು ಮೂರು ನಿಮಿಷದ ಒಂದು ಕ್ಲಬ್ ಹಾಡನ್ನು. ಸ್ವೀಡನ್ನಿನ ಡಿಜೆ ಎರಿಕ್ ಪ್ರಿಡ್ಜ್ 2004ರಲ್ಲಿ ಹೊರತಂದ ‘ಕಾಲ್ ಆನ್ ಮಿ’ ಅದು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಒಟ್ಟು ಐದು ವಾರ ಅಲ್ಲಿತ್ತು. ಜರ್ಮನಿಯಲ್ಲೂ ಅದೇ ಮೊದಲನೆಯದು. ಹಾಡಿಗಿಂತ ಹೆಚ್ಚು ಜನ ಮಾತಾಡಿದ್ದು ಅದರ ವಿಡಿಯೊ ಬಗ್ಗೆ. ಏರೋಬಿಕ್ಸ್ ತರಗತಿಯೊಂದನ್ನು ನೆಪ ಮಾಡಿಕೊಂಡು ಮೈಯ ಕಾಮವನ್ನೇ ಮುಂದಿಟ್ಟ ಚಿತ್ರ ಅದು. ಹಲವರು ಅದನ್ನು ಕಂಡು ಮುಖ ಸಿಂಡರಿಸಿದರು, ಇನ್ನೂ ಹಲವರು ಮತ್ತೆ ಮತ್ತೆ ನೋಡಿದರು. ಇಷ್ಟಕ್ಕೇ ನಿಲ್ಲುವ ವಿಷಯವಾಗಿದ್ದರೆ ನಿಮ್ಮ ಸಂಜೆಯನ್ನು ನಾನು ಕೇಳುತ್ತಿರಲಿಲ್ಲ. ಈ ಒಂದು ಹಾಡಿನಲ್ಲಿ ಎರಡು ಬಗೆಯ ಕಡಗಳಿವೆ. ಒಂದು ದನಿಯ ಕಡ, ಇನ್ನೊಂದು ಕುಣಿತದ ಕಡ. ಮೊದಲನೆಯದಕ್ಕೆ ಅನುಮತಿ, ಹೆಸರು, ಹಣ ಎಲ್ಲವೂ ಸಂದವು. ಎರಡನೆಯದನ್ನು ಯಾರೂ ಕಡವೆಂದೇ ಎಣಿಸಲಿಲ್ಲ. ಈ ತಾರತಮ್ಯವೇ ನನ್ನನ್ನು ಕಾಡುತ್ತಿರುವುದು.

ಚಿತ್ರವನ್ನು ಬದಿಗಿಟ್ಟು ಮೊದಲು ಹಾಡನ್ನಷ್ಟೇ ಕೇಳೋಣ. ನಿಮಿಷಕ್ಕೆ 126 ಬಡಿತ. ನಾಲ್ಕು ಎಣಿಕೆಯ ಆವರ್ತ, ಪ್ರತಿ ಎಣಿಕೆಗೂ ಒಂದು ತುಂಬು ಪೆಟ್ಟು. ಈ ಹಾಡು ಸೇರುವ ‘ಹೌಸ್’ ಎಂಬ ಕ್ಲಬ್ ಸಂಗೀತದ ಬೆನ್ನೆಲುಬು ಇದೇ. ಈ ಪೆಟ್ಟು ಬೀಳುವಾಗಲೆಲ್ಲ ಉಳಿದ ದನಿಗಳು ಒಂದು ಕ್ಷಣ ಕುಗ್ಗುತ್ತವೆ, ಪೆಟ್ಟು ಮುಗಿದೊಡನೆ ಉಬ್ಬಿ ಬರುತ್ತವೆ. ಅದರಿಂದಾಗಿ ಇಡೀ ಹಾಡೇ ಉಸಿರಾಡುತ್ತಿದೆ ಅನ್ನಿಸುತ್ತದೆ. ಅದರ ಮೇಲೆ ಒಬ್ಬ ಗಂಡಸಿನ ಎತ್ತರದ ಸ್ಥಾಯಿಯ ದನಿ, ಹೆಣ್ಣೊಬ್ಬಳನ್ನು ಕರೆಯುವ ಒಂದು ತುಣುಕು ಮಾತ್ರ, ಸುತ್ತಿ ಸುತ್ತಿ ಬರುತ್ತದೆ. ನಡುವೆ ಫಿಲ್ಟರ್ ಎಂಬ ಉಪಕರಣದಿಂದ ತಾರದ ಅಂಶವನ್ನೆಲ್ಲ ಕತ್ತರಿಸಿ ಹಾಡನ್ನು ಮಂದ ಮಾಡುತ್ತಾರೆ. ಪಕ್ಕದ ಮನೆಯ ರೇಡಿಯೊ ಗೋಡೆಯಾಚೆಯಿಂದ ಕೇಳಿದ ಹಾಗಿರುತ್ತದೆ ಆಗ. ಆಮೇಲೆ ಗುಂಡಿಯನ್ನು ನಿಧಾನವಾಗಿ ತಿರುಗಿಸಿ, ಮುಚ್ಚಿದ್ದನ್ನು ತೆರೆಯುತ್ತಾ ಹೋಗುತ್ತಾರೆ. ಪೂರ್ತಿ ತೆರೆದುಕೊಂಡ ಗಳಿಗೆಗೆ ಸರಿಯಾಗಿ ನಿಂತಿದ್ದ ಪೆಟ್ಟು ಮತ್ತೆ ಬೀಳುತ್ತದೆ. ಸಾವಿರ ಜನ ಒಟ್ಟಿಗೆ ಕೈಯೆತ್ತುವುದು ಆಗಲೇ. ಹೊಸ ಸ್ವರವೊಂದೂ ಬಂದಿರುವುದಿಲ್ಲ, ಹೊಸ ಮಾತೂ ಇಲ್ಲ. ಇದ್ದದ್ದನ್ನೇ ತಡೆಹಿಡಿದು ಮತ್ತೆ ಕೊಡುವುದರಲ್ಲಿ ಹುಟ್ಟುವ ಸುಖ ಅದು. ಪುನರಾವರ್ತನೆ ಬಡತನವೆಂದು ಮೂಗು ಮುರಿಯುವವರು ನಮ್ಮಲ್ಲಿ ಬಹಳ. ಭಜನೆಯಲ್ಲಿ ಕೂತು ಒಂದೇ ನಾಮವನ್ನು ಅರ್ಧ ತಾಸು ಹಾಡಿದವರಿಗೆ ಈ ಮಾತನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಹಾಡಿನಲ್ಲಿ ಕರೆಯುವ ಆ ಗಂಡು ದನಿ ಸ್ಟೀವ್ ವಿನ್‌ವುಡ್ ಅವರದು. ಬರ್ಮಿಂಗ್‌ಹ್ಯಾಮ್‌ನ ಈ ಹಾಡುಗಾರ ಹದಿಹರೆಯದಲ್ಲೇ ಸ್ಪೆನ್ಸರ್ ಡೇವಿಸ್ ತಂಡದಲ್ಲಿ ಹೆಸರು ಮಾಡಿದವರು, ಆಮೇಲೆ ‘ಟ್ರಾಫಿಕ್’ ತಂಡದಲ್ಲಿದ್ದವರು. 1982ರಲ್ಲಿ ಸಾಹಿತಿ ವಿಲ್ ಜೆನ್ನಿಂಗ್ಸ್ ಜೊತೆ ಸೇರಿ ‘ವ್ಯಾಲೆರಿ’ ಎಂಬ ಹಾಡು ಕಟ್ಟಿದರು. ಅದಿದ್ದ ಆಲ್ಬಮ್ಮಿನ ವಾದ್ಯಗಳನ್ನೆಲ್ಲ ವಿನ್‌ವುಡ್ ತಾವೊಬ್ಬರೇ ನುಡಿಸಿದ್ದರು. ಹಾಡು ಆಗ ಅಷ್ಟಾಗಿ ಓಡಲಿಲ್ಲ. ಐದು ವರ್ಷ ಕಳೆದು, 1987ರಲ್ಲಿ ಅದನ್ನೇ ಹೊಸದಾಗಿ ಮಿಶ್ರಣ ಮಾಡಿ ಬಿಟ್ಟಾಗ ಅಮೆರಿಕದ ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನಕ್ಕೆ ಬಂತು. ಅಂದರೆ ಪ್ರಿಡ್ಜ್ ಕೈಗೆ ಬರುವ ಹೊತ್ತಿಗೆ ಆ ಹಾಡು ಒಮ್ಮೆ ಮರುಹುಟ್ಟು ಪಡೆದಾಗಿತ್ತು. ಇನ್ನೂ ಒಂದು ವಿಷಯ ಉಂಟು. ಪ್ಯಾರಿಸ್ಸಿನ ‘ಡಾಫ್ಟ್ ಪಂಕ್’ ಜೋಡಿಯಲ್ಲೊಬ್ಬರಾದ ಥಾಮಸ್ ಬಂಗಾಲ್ಟರ್ ಮತ್ತು ಡಿಜೆ ಫಾಲ್ಕನ್ ‘ಟುಗೆದರ್’ ಎಂಬ ಹೆಸರಿನಲ್ಲಿ ನುಡಿಸುತ್ತಿದ್ದಾಗ ಇದೇ ‘ವ್ಯಾಲೆರಿ’ಯ ತುಣುಕನ್ನು ತಮ್ಮ ಸೆಟ್‌ಗಳಲ್ಲಿ ಸುತ್ತಿಸಿ ಕೇಳಿಸಿದ್ದರು, ಆದರೆ ಧ್ವನಿಮುದ್ರಿಕೆಯಾಗಿ ಬಿಡಲಿಲ್ಲ. ಡಿಜೆಗಳ ಲೋಕದಲ್ಲಿ ಒಂದು ಉಪಾಯ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೀಗೆಯೇ ಹೋಗುತ್ತದೆ. ಇದು ಮೊದಲು ಹೊಳೆದದ್ದು ಯಾರಿಗೆ ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ.

ನನಗೆ ಮುಖ್ಯವಾದದ್ದು ಆಮೇಲೆ ನಡೆದದ್ದು. ಹಾಡನ್ನು ಬಿಡುವ ಮುನ್ನ ವಿನ್‌ವುಡ್ ಅವರಿಗೆ ಕೇಳಿಸಿದರು. ಅವರು ಒಪ್ಪಿಗೆ ಕೊಟ್ಟು ಸುಮ್ಮನಾಗಲಿಲ್ಲ. ಮೆಚ್ಚಿ, ಹೊಸ ತಾಳಕ್ಕೆ ಸರಿಹೊಂದುವಂತೆ ಆ ಸಾಲುಗಳನ್ನು ಮತ್ತೊಮ್ಮೆ ಹಾಡಿಕೊಟ್ಟರು. ಮೂವತ್ತರ ಹರೆಯದಲ್ಲಿ ಹಾಡಿದ್ದನ್ನು ಐವತ್ತು ದಾಟಿದ ಮೇಲೆ, ಇನ್ನೂ ಮೂವತ್ತಾಗದ ಹುಡುಗನೊಬ್ಬನಿಗಾಗಿ ಹಾಡುವುದು ದೊಡ್ಡ ಮನಸ್ಸಿನ ಕೆಲಸ. ಮೂಲದಲ್ಲಿದ್ದ ಕತೆ, ಚರಣಗಳು ಎಲ್ಲ ಹೋಗಿ ಕರೆಯಷ್ಟೇ ಉಳಿದಿತ್ತು. ಹೆಣ್ಣಿನ ಹೆಸರಿದ್ದ ಶೀರ್ಷಿಕೆಯ ಜಾಗಕ್ಕೆ ಗಂಡಿನ ಬೇಡಿಕೆ ಬಂದಿತ್ತು. ಅದಕ್ಕೂ ಅವರು ಬೇಸರಿಸಿಕೊಳ್ಳಲಿಲ್ಲ. ಕಡ ತೆಗೆದುಕೊಳ್ಳುವವನೂ ಕೊಡುವವನೂ ಇಷ್ಟು ಗೌರವದಿಂದ ನಡೆದುಕೊಂಡ ಉದಾಹರಣೆ ಒಂದು ಹಾಡಿನ ತುಣುಕನ್ನು ಇನ್ನೊಂದಕ್ಕೆ ಎತ್ತಿಕೊಳ್ಳುವ ಸ್ಯಾಂಪಲ್ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಹೆಚ್ಚಿಲ್ಲ ಎನ್ನುವುದಕ್ಕೆ ಹಿಂದಿನ ಎರಡು ಪ್ರಸಂಗಗಳನ್ನು ನೋಡಬೇಕು. 1989ರಲ್ಲಿ ಇಟಲಿಯ ‘ಬ್ಲ್ಯಾಕ್ ಬಾಕ್ಸ್’ ತಂಡದ ‘ರೈಡ್ ಆನ್ ಟೈಮ್’ ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಅದರ ಗುಂಡಿಗೆ ನಡುಗಿಸುವ ಹೆಣ್ಣು ದನಿ ಲೊಲಿಯಾಟಾ ಹಾಲೊವೇ ಅವರದು, 1980ರ ‘ಲವ್ ಸೆನ್ಸೇಶನ್’ ಎಂಬ ಡಿಸ್ಕೊ ಹಾಡಿನಿಂದ ಎತ್ತಿದ್ದು. ವಿಡಿಯೊದಲ್ಲಿ ತುಟಿಯಾಡಿಸಿದವರು ಕ್ಯಾಟ್ರಿನ್ ಕಿನೋಲ್ ಎಂಬ ರೂಪದರ್ಶಿ. ನೋಡಿದವರೆಲ್ಲ ಹಾಡಿದ್ದೂ ಆಕೆಯೇ ಎಂದುಕೊಂಡರು. ಹಾಲೊವೇ ಕಾನೂನಿನ ಮೊರೆ ಹೋಗಬೇಕಾಯಿತು. ಮಾರ್ಥಾ ವಾಶ್ ಅವರ ಪಾಡು ಇನ್ನೂ ಕಹಿ. ಅವರು ತುಂಬು ಮೈಯ ಗಾಯಕಿ. 1990ರಲ್ಲಿ ‘ಸಿ ಪ್ಲಸ್ ಸಿ ಮ್ಯೂಸಿಕ್ ಫ್ಯಾಕ್ಟರಿ’ಗಾಗಿ ಹಾಡಿದರು, ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ವಿಡಿಯೊದಲ್ಲಿ ಮಾತ್ರ ಅವರ ಬದಲು ತೆಳ್ಳಗಿನ ಇನ್ನೊಬ್ಬರು ತುಟಿಯಾಡಿಸಿದರು. ವಾಶ್ ಮೊಕದ್ದಮೆ ಹೂಡಿದರು, ರಾಜಿಯಾಯಿತು. ಹಾಡಿದವರ ಹೆಸರನ್ನು ಹಾಕಲೇಬೇಕು ಎಂಬ ಎಚ್ಚರ ಅಮೆರಿಕದ ಸಂಗೀತ ಕಂಪನಿಗಳಿಗೆ ಬಂದದ್ದರಲ್ಲಿ ಆಕೆಯ ಹಟದ ಪಾಲು ದೊಡ್ಡದು. ಹಾಲೊವೇ ಅವರ ಅದೇ ಹಾಡನ್ನು 1991ರಲ್ಲಿ ಮಾರ್ಕಿ ಮಾರ್ಕ್ ತಂಡ ‘ಗುಡ್ ವೈಬ್ರೇಶನ್ಸ್’ಗೆ ಬಳಸಿಕೊಂಡಾಗ ಆಕೆಯ ಹೆಸರೂ ಬಂತು, ವಿಡಿಯೊದಲ್ಲಿ ಆಕೆಯೇ ನಿಂತು ಹಾಡಿದರು. ಎರಡೇ ವರ್ಷದಲ್ಲಿ ಆದ ಬದಲಾವಣೆ ಇದು.

ಹಿನ್ನೆಲೆ ಗಾಯನದಲ್ಲೇ ಬೆಳೆದ ನಮಗೆ ದನಿ ಒಬ್ಬರದು ಮೈ ಇನ್ನೊಬ್ಬರದು ಎಂಬುದು ದಿನನಿತ್ಯದ ಸಂಗತಿ. ರಾಜಕುಮಾರ್ ಅವರಿಗೆ ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನು ಯಾರೂ ವಂಚನೆ ಎನ್ನಲಿಲ್ಲ, ಯಾಕೆಂದರೆ ಇಬ್ಬರ ಹೆಸರೂ ಜನಕ್ಕೆ ಗೊತ್ತಿತ್ತು. ಆದರೆ ಈ ಗೌರವವೂ ತಾನಾಗಿ ಬಂದದ್ದಲ್ಲ. 1949ರ ‘ಮಹಲ್’ ಚಿತ್ರದ ಹೆಸರಾಂತ ಹಾಡಿನ ತಟ್ಟೆಯ ಮೇಲೆ ಲತಾ ಮಂಗೇಶ್ಕರ್ ಹೆಸರಿರಲಿಲ್ಲ. ಮಧುಬಾಲಾ ವಹಿಸಿದ್ದ ಪಾತ್ರದ ಹೆಸರು, ಕಾಮಿನಿ ಎಂದು ಅಚ್ಚಾಗಿತ್ತು. ಹಾಡಿದವರು ಯಾರು ಎಂದು ಕೇಳುಗರು ರೇಡಿಯೊಗೆ ಬರೆದು ಕೇಳಿದ ಮೇಲೆ ಹೆಸರು ಹೊರಬಂತು. ದನಿ ತನ್ನ ಹೆಸರನ್ನು ಗೆದ್ದುಕೊಂಡದ್ದು ಇಲ್ಲೂ ಅಲ್ಲೂ ಹೋರಾಡಿಯೇ.

ಇನ್ನು ಕುಣಿತ. ಹೌಸ್ ಸಂಗೀತ ಹುಟ್ಟಿದ್ದು ಶಿಕಾಗೊದಲ್ಲಿ, ಸೌತ್ ಜೆಫರ್ಸನ್ ಬೀದಿಯ 206ನೆಯ ನಂಬರಿನ ಹಳೆಯ ಕಟ್ಟಡವೊಂದರಲ್ಲಿ. ‘ವೇರ್‌ಹೌಸ್’ ಎಂಬ ಕ್ಲಬ್ ಅದು, 1977ರಲ್ಲಿ ತೆರೆಯಿತು. ನ್ಯೂಯಾರ್ಕಿನಿಂದ ಬಂದ ಫ್ರ್ಯಾಂಕಿ ನಕಲ್ಸ್ ಅಲ್ಲಿ ತಟ್ಟೆ ನುಡಿಸುತ್ತಿದ್ದರು. ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ, ಲ್ಯಾಟಿನೊ ಜನ, ಅದರಲ್ಲೂ ಸಲಿಂಗಪ್ರೇಮಿ ಗಂಡಸರು. ಹೊರಗೆ ಬೀದಿಯಲ್ಲಿ, ಕೆಲಸದ ಜಾಗದಲ್ಲಿ, ಬಹಳ ಸಲ ತಮ್ಮ ಮನೆಯಲ್ಲೇ ಮೈಯನ್ನು ಬಿಗಿಹಿಡಿದು ಬದುಕಬೇಕಿದ್ದವರು. ಶನಿವಾರ ರಾತ್ರಿ ಒಳಹೋದರೆ ಭಾನುವಾರ ಬಿಸಿಲೇರುವವರೆಗೂ ಕುಣಿಯುತ್ತಿದ್ದರು. ಹಳೆಯ ಡಿಸ್ಕೊ ಹಾಡುಗಳನ್ನು ನಕಲ್ಸ್ ಟೇಪಿನಲ್ಲಿ ಕತ್ತರಿಸಿ, ಜೋಡಿಸಿ, ಒಳ್ಳೆಯ ಭಾಗವನ್ನು ಹಿಗ್ಗಿಸಿ ಕೊಡುತ್ತಿದ್ದರು. ತುಣುಕನ್ನು ಸುತ್ತಿಸುವ ಕಲೆ ಬಂದದ್ದು ಕುಣಿಯುವವರ ಕಾಲಿನ ಬೇಡಿಕೆಯಿಂದ. ಕಾಲು ಕೇಳಿತು, ಕೈ ಕೊಟ್ಟಿತು.

ಹೊರಗಿನ ಗಾಳಿ ಹೇಗಿತ್ತು ಎಂಬುದಕ್ಕೆ 1979ರ ಜುಲೈ 12ರ ರಾತ್ರಿಯನ್ನು ನೆನೆಯಬೇಕು. ಅದೇ ಶಿಕಾಗೊದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನ. ಒಂದು ಡಿಸ್ಕೊ ತಟ್ಟೆ ತಂದವರಿಗೆ 98 ಸೆಂಟಿಗೆ ಟಿಕೆಟ್. ತಂದ ತಟ್ಟೆಗಳನ್ನು ಮೈದಾನದ ನಡುವೆ ರಾಶಿ ಹಾಕಿ ರೇಡಿಯೊ ನಿರೂಪಕನೊಬ್ಬ ಸಿಡಿಮದ್ದಿನಿಂದ ಹಾರಿಸಿದ. ಜನ ಮೈದಾನಕ್ಕೆ ನುಗ್ಗಿದರು, ಅಂದಿನ ಎರಡು ಪಂದ್ಯಗಳಲ್ಲಿ ಎರಡನೆಯದು ನಡೆಯಲೇ ಇಲ್ಲ. ಆ ರಾತ್ರಿ ಅಲ್ಲಿ ಪ್ರೇಕ್ಷಕರಿಗೆ ಕುರ್ಚಿ ತೋರಿಸುವ ಕೆಲಸಕ್ಕಿದ್ದ ಕಪ್ಪು ಹುಡುಗನೊಬ್ಬ ವಿನ್ಸ್ ಲಾರೆನ್ಸ್. ಸಿಂಥಸೈಜರ್ ಕೊಳ್ಳಲು ಹಣ ಕೂಡಿಡುತ್ತಿದ್ದವನು. ಜನ ಒಡೆಯಲು ತಂದದ್ದರಲ್ಲಿ ಡಿಸ್ಕೊ ಅಲ್ಲದ, ಕಪ್ಪು ಕಲಾವಿದರ ತಟ್ಟೆಗಳೂ ಸಾಕಷ್ಟಿದ್ದವು ಎಂದು ಅವರು ಆಮೇಲೆ ಹೇಳಿದ್ದಾರೆ. ಐದು ವರ್ಷಕ್ಕೆ, 1984ರಲ್ಲಿ, ಜೆಸ್ಸಿ ಸಾಂಡರ್ಸ್ ಜೊತೆ ಸೇರಿ ‘ಆನ್ ಆಂಡ್ ಆನ್’ ತಂದವರು ಇದೇ ಲಾರೆನ್ಸ್. ಹೌಸ್ ಸಂಗೀತದ ಮೊದಲ ಧ್ವನಿಮುದ್ರಿಕೆ ಎಂದು ಬಹುಮಂದಿ ಎಣಿಸುವುದು ಅದನ್ನೇ. ಸುಟ್ಟ ರಾಶಿಯ ಪಕ್ಕದಲ್ಲಿ ನಿಂತಿದ್ದವನ ಕೈಯಿಂದಲೇ ಮುಂದಿನದು ಹುಟ್ಟಿತು. ಈ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಮೈ ಜುಮ್ಮೆನ್ನುವುದು ಇಲ್ಲೇ.

ವೇರ್‌ಹೌಸ್‌ನ ನೆಲದ ಮೇಲೆ ಎಲ್ಲರೂ ಕುಣಿಯುವವರು. ಕಾಮ ಅಲ್ಲಿ ಧಾರಾಳವಾಗಿತ್ತು, ನಾಚಿಕೆಯಿಲ್ಲದೆ ಇತ್ತು. ಆದರೆ ಅದು ಕುಣಿಯುವವರ ನಡುವಿನದು, ಸುಮ್ಮನೆ ನೋಡಲೆಂದು ಬಂದ ಮೂರನೆಯವನ ಕಣ್ಣಿಗಾಗಿ ನಡೆದದ್ದಲ್ಲ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ‘ಕಾಲ್ ಆನ್ ಮಿ’ ವಿಡಿಯೊಗೆ ಬರೋಣ.

ಹ್ಯೂಸ್ ಮೊನ್ಫರಾಡಿ ನಿರ್ದೇಶಿಸಿದ ಚಿತ್ರ. ವ್ಯಾಯಾಮದ ಕೋಣೆ. ಮೈಗಂಟಿದ ಲಿಯೊಟಾರ್ಡ್, ಮೊಣಕಾಲಿನ ಕೆಳಗೆ ಉಣ್ಣೆಯ ಕಾಲುಚೀಲ, ಹಣೆಗೆ ಪಟ್ಟಿ ತೊಟ್ಟ ಹೆಂಗಸರ ಗುಂಪು. ಮುಂದೆ ನಿಂತು ಹೇಳಿಕೊಡುವವರು ಆಸ್ಟ್ರೇಲಿಯಾದ ನರ್ತಕಿ ಡಿಯಾನ್ ಬೆರಿ. ತರಗತಿಯಲ್ಲಿ ಒಬ್ಬನೇ ಗಂಡಸು, ಅರ್ಜೆಂಟೀನಾ ಮೂಲದ ಹ್ವಾನ್ ಪಾಬ್ಲೊ ಡಿ ಪಾಚೆ, ಗಿಡ್ಡ ಚಡ್ಡಿಯಲ್ಲಿ. 1985ರ ‘ಪರ್ಫೆಕ್ಟ್’ ಎಂಬ ಸಿನಿಮಾದಲ್ಲಿ ಜೇಮಿ ಲೀ ಕರ್ಟಿಸ್ ಕಲಿಸುವ, ಜಾನ್ ಟ್ರವೋಲ್ಟಾ ಕಲಿಯುವ ಏರೋಬಿಕ್ಸ್ ದೃಶ್ಯವೊಂದಿದೆ. ಇದು ಅದರದೇ ಪಡಿಯಚ್ಚು. ಹಾಗಾಗಿ ಚಿತ್ರವೂ ಒಂದು ಸ್ಯಾಂಪಲ್ಲೇ. ಮೂಲ ಹಾಡು 1982ರದು. ಜೇನ್ ಫಾಂಡಾ ಅವರ ವ್ಯಾಯಾಮದ ವಿಡಿಯೊ ಟೇಪು ಹೊರಬಂದು ಅಮೆರಿಕದ ಹೆಂಗಸರನ್ನೆಲ್ಲ ಟಿವಿ ಮುಂದೆ ಕುಣಿಸಿದ್ದೂ ಅದೇ 1982ರಲ್ಲಿ. ನಿರ್ದೇಶಕರು ಇದನ್ನು ಅರಿತು ಮಾಡಿದರೋ ಏನೋ, ಹಾಡು ಮತ್ತು ಉಡುಪು ಒಂದೇ ಕಾಲದವು. ಈ ಹೊಂದಿಕೆಯ ಜಾಣತನವನ್ನು ನಾನು ಮೆಚ್ಚುತ್ತೇನೆ.

ಕುಣಿತದ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಸೊಂಟ ಮುಂದೆ ಹಿಂದೆ ಆಡಿಸುವ ಆ ಚಲನೆಗಳನ್ನು ಅಶ್ಲೀಲ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದವರು ಒಂದು ಸಲ ಎಣಿಕೆ ಹಾಕುತ್ತಾ ನೋಡಲಿ. 126ರ ಬಡಿತಕ್ಕೆ ಇಡೀ ಗುಂಪು ಒಂದೇ ಕ್ಷಣದಲ್ಲಿ ಎದ್ದು, ಬಾಗಿ, ತಿರುಗುತ್ತದೆ. ಬೆರಿ ಅವರ ಬೆನ್ನು, ತೊಡೆ, ಹೊಟ್ಟೆಯ ಸ್ನಾಯುಗಳಲ್ಲಿ ವರ್ಷಗಟ್ಟಲೆಯ ಅಭ್ಯಾಸ ಕಾಣುತ್ತದೆ. ಅದು ದುಡಿಮೆ, ಒಳ್ಳೆಯ ದುಡಿಮೆ. ನನ್ನ ತಕರಾರು ಇರುವುದು ಕ್ಯಾಮೆರಾದ ಮೇಲೆ. ಅದು ಕುಣಿತವನ್ನು ಪೂರ್ತಿ ತೋರಿಸುವುದಿಲ್ಲ. ಒಂದು ಸೊಂಟ, ಒಂದು ತೊಡೆ, ಒಂದು ಎದೆ ಎಂದು ಬಿಡಿ ಭಾಗಗಳಾಗಿ ಕತ್ತರಿಸಿ ಕೊಡುತ್ತದೆ. ಬೆರಿ ಮತ್ತು ಆ ಗಂಡಸಿಗೆ ಮುಖ ಉಂಟು, ನೋಟ ಉಂಟು, ಸಣ್ಣದೊಂದು ಕತೆಯೂ ಉಂಟು. ಉಳಿದ ಹೆಂಗಸರಿಗೆ ಅವಯವಗಳು ಮಾತ್ರ. ಗಂಡಸಿನ ಮೈಯನ್ನೂ ತೋರಿಸಿದ್ದಾರಲ್ಲ ಎಂದು ವಾದಿಸುವವರಿದ್ದಾರೆ. ತೋರಿಸಿದ್ದಾರೆ, ನಿಜ. ಅವನಿಗೆ ಆಸೆಪಡುವ ಹಕ್ಕನ್ನೂ ಕೊಟ್ಟಿದ್ದಾರೆ. ಗುಂಪಿನ ಹೆಂಗಸರಿಗೆ ಅದು ಸಿಕ್ಕಿಲ್ಲ.

ಇಂಥ ಚಿತ್ರ ಯಾಕೆ ಬೇಕಾಯಿತು? ಹೌಸ್ ಸಂಗೀತಕ್ಕೆ ಮುಖವಿಲ್ಲ. ಯಂತ್ರದ ಹಿಂದೆ ತಲೆ ತಗ್ಗಿಸಿ ನಿಲ್ಲುವ ಡಿಜೆಯನ್ನು ಟಿವಿಯಲ್ಲಿ ಎಷ್ಟು ಹೊತ್ತು ತೋರಿಸುವುದು? ಹಾಡನ್ನು ಹೊರತಂದದ್ದು ಲಂಡನ್ನಿನ ‘ಮಿನಿಸ್ಟ್ರಿ ಆಫ್ ಸೌಂಡ್’ನ ಡೇಟಾ ರೆಕಾರ್ಡ್ಸ್. ಮಿನಿಸ್ಟ್ರಿ ಆಫ್ ಸೌಂಡ್ 1991ರಲ್ಲಿ ಶುರುವಾದ ಕ್ಲಬ್. ನ್ಯೂಯಾರ್ಕಿನ ಪ್ಯಾರಡೈಸ್ ಗರಾಜ್‌ನ ಮಾದರಿಯಲ್ಲಿ, ಶಬ್ದ ಚೆನ್ನಾಗಿ ಕೇಳಬೇಕು ಎಂಬ ಒಂದೇ ಹಂಬಲದಿಂದ ಕಟ್ಟಿದ್ದು. ಬೆನ್ನಿ ಬೆನಾಸಿಯ ‘ಸ್ಯಾಟಿಸ್ಫ್ಯಾಕ್ಷನ್’ಗೆ ಕೊರೆಯುವ ಯಂತ್ರ ಹಿಡಿದ ಹೆಂಗಸರ ವಿಡಿಯೊ ಬಂದಾಗ ಆ ದಾರಿ ಲಾಭದ್ದೆಂದು ಗೊತ್ತಾಗಿತ್ತು. ಅತ್ತ ಸಿಡಿ ಸಿಂಗಲ್‌ಗಳ ಮಾರುಕಟ್ಟೆ ಕುಸಿಯುತ್ತಿತ್ತು, ಡೌನ್‌ಲೋಡುಗಳನ್ನು ಇನ್ನೂ ಮುಖ್ಯ ಪಟ್ಟಿಗೆ ಸೇರಿಸಿರಲಿಲ್ಲ. 2004ರ ಅಕ್ಟೋಬರ್ ಕೊನೆಯಲ್ಲಿ ‘ಕಾಲ್ ಆನ್ ಮಿ’ ಮೊದಲ ಸ್ಥಾನ ಉಳಿಸಿಕೊಂಡ ವಾರ ಮಾರಾಟವಾದದ್ದು 24,000ಕ್ಕೂ ಕಡಿಮೆ ಪ್ರತಿ. ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಅದು ಆ ಹೊತ್ತಿನ ಕನಿಷ್ಠ ದಾಖಲೆ. ಕೊಳ್ಳುವ ಕೈ ಕಡಿಮೆಯಾದಂತೆ ನೋಡುವ ಕಣ್ಣನ್ನು ಹಿಡಿದಿಡುವ ಆತುರ ಹೆಚ್ಚಿತು. ಶಬ್ದಕ್ಕಾಗಿ ಕಟ್ಟಿದ ಮನೆ ಚಿತ್ರವನ್ನು ನೆಚ್ಚಿಕೊಂಡಿತು.

ಪ್ರಿಡ್ಜ್ ಅವರೇ ಆ ಹಾಡಿನಿಂದ ದೂರ ಸರಿದು, ತಮ್ಮ ಸೆಟ್‌ಗಳಲ್ಲಿ ನುಡಿಸುವುದನ್ನು ಬಿಟ್ಟರು. ಪ್ರೈಡಾ, ಸಿರೆಜ್ ಡಿ ಎಂಬ ಬೇರೆ ಹೆಸರುಗಳಲ್ಲಿ ಮಾಡಿದ ಕೆಲಸದಲ್ಲೇ ಅವರ ನಿಜವಾದ ಪ್ರತಿಭೆ ಇದೆ ಎಂದು ಬಲ್ಲವರು ಹೇಳುತ್ತಾರೆ, ನಾನೂ ಒಪ್ಪುತ್ತೇನೆ. 2007ರಲ್ಲಿ ಪಿಂಕ್ ಫ್ಲಾಯ್ಡ್ ಹಾಡೊಂದನ್ನು ಅನುಮತಿ ಪಡೆದು ಬಳಸಿಕೊಂಡು ‘ಪ್ರಾಪರ್ ಎಜುಕೇಶನ್’ ತಂದರು. ಅದರ ವಿಡಿಯೊದಲ್ಲಿ ಬಡಾವಣೆಯ ಹುಡುಗರು ಬಹುಮಹಡಿ ಕಟ್ಟಡದ ಮನೆಗಳಿಗೆ ಕದ್ದು ನುಗ್ಗಿ ವಿದ್ಯುತ್ ಉಳಿಸುವ ಬಲ್ಬು ಹಾಕುತ್ತಾರೆ, ಸುಮ್ಮನೆ ಉರಿಯುತ್ತಿರುವ ಉಪಕರಣಗಳನ್ನು ಆರಿಸುತ್ತಾರೆ, ನೀರು ಉಳಿಯಲೆಂದು ಫ್ಲಶ್ ಟ್ಯಾಂಕಿನೊಳಗೆ ಇಟ್ಟಿಗೆ ಇಡುತ್ತಾರೆ. ಹೌಸ್ ಹಾಡಿಗೆ ಹೆಣ್ಣಿನ ಮೈ ಬಿಟ್ಟರೆ ಬೇರೆ ಚಿತ್ರ ಹೊಂದುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕಿಲ್ಲ. ಆ ಹಾಡೂ ಬ್ರಿಟನ್ನಿನಲ್ಲಿ ಎರಡನೆಯ ಸ್ಥಾನಕ್ಕೆ ಬಂತು.

‘ಕಾಲ್ ಆನ್ ಮಿ’ ಮೊದಲ ಸ್ಥಾನಕ್ಕೇರಿದ ಹಿಂದಿನ ತಿಂಗಳೇ, 2004ರ ಆಗಸ್ಟ್ 25ರಂದು, ಶಿಕಾಗೊ ನಗರ ವೇರ್‌ಹೌಸ್ ಇದ್ದ ಬೀದಿಯ ತುಂಡಿಗೆ ಫ್ರ್ಯಾಂಕಿ ನಕಲ್ಸ್ ಅವರ ಹೆಸರಿಟ್ಟಿತು. ಅದು ಕೈಗೂಡಲು ನೆರವಾದವರಲ್ಲಿ ಆಗ ಇಲಿನಾಯ್ ರಾಜ್ಯದ ಸೆನೆಟರ್ ಆಗಿದ್ದ ಬರಾಕ್ ಒಬಾಮ ಒಬ್ಬರು. ನಕಲ್ಸ್ 2014ರಲ್ಲಿ ತೀರಿಕೊಂಡರು. ಕಟ್ಟಡಕ್ಕೆ ನಗರದ ಸಂರಕ್ಷಿತ ಸ್ಮಾರಕದ ಮನ್ನಣೆ ಸಿಕ್ಕಿದ್ದು 2023ರಲ್ಲಿ. ಡಿಜೆಗೂ ಕಟ್ಟಡಕ್ಕೂ ತಡವಾಗಿಯಾದರೂ ಹೆಸರು ಬಂತು. ಕುಣಿದವರಿಗೆ ಬರಲಿಲ್ಲ.

ನಮ್ಮ ನೆಲದಲ್ಲೂ ‘ಕಾಲ್ ಆನ್ ಮಿ’ಯ ಹೊತ್ತಿಗೇ ಹಳೆಯ ಹಾಡನ್ನು ಹೊಸ ತಾಳದಲ್ಲಿ ತರುವ ಅಲೆಯೊಂದು ಎದ್ದದ್ದು ನಿಮಗೆ ನೆನಪಿರಬಹುದು. 1972ರ ‘ಸಮಾಧಿ’ ಚಿತ್ರಕ್ಕೆ ಆರ್.ಡಿ. ಬರ್ಮನ್ ಸಂಗೀತದಲ್ಲಿ ಲತಾ ಹಾಡಿದ್ದ ‘ಕಾಂಟಾ ಲಗಾ’ 2002ರಲ್ಲಿ ಇನ್ನೊಬ್ಬರ ದನಿಯಲ್ಲಿ, ಕ್ಲಬ್ ಬೀಟಿನಲ್ಲಿ ಬಂತು. ಅದರ ವಿಡಿಯೊ ದೇಶವನ್ನೇ ಮಾತಾಡಿಸಿತು. ಹೀಗೆ ಮರುಹಾಡಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ಒಂದು ಉಪಬಂಧ ದಾರಿ ಬಿಟ್ಟಿತ್ತು. ಸಂಗೀತಗಾರರು, ಸಾಹಿತಿಗಳು ವರ್ಷಗಟ್ಟಲೆ ಕೂಗಿದ ಮೇಲೆ 2012ರ ತಿದ್ದುಪಡಿ ಅದನ್ನು ತೆಗೆದು 31ಸಿ ಎಂಬ ಹೊಸ ಕಲಮು ತಂದಿತು. ಈಗ ಮೂಲ ಹಾಡು ಬಂದು ಐದು ವರ್ಷವಾಗುವವರೆಗೆ ಯಾರೂ ಆ ಕಲಮಿನಡಿ ಮರುಹಾಡಿಸುವಂತಿಲ್ಲ. ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆಯನ್ನು ಹಕ್ಕುದಾರರ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ಒಳ್ಳೆಯದೇ ಆಯಿತು.

ಅದೇ ಕಾಯ್ದೆ ಪ್ರದರ್ಶನಕಾರ ಎಂದರೆ ಯಾರು ಎಂದು ಹೇಳುವಾಗ ಗಾಯಕರ ಜೊತೆ ನರ್ತಕರನ್ನೂ ಹೆಸರಿಸುತ್ತದೆ. 38ಬಿ ಕಲಮು, ಈ ಪ್ರದರ್ಶನ ನನ್ನದು ಎಂದು ಗುರುತಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಆದರೆ 2012ರಲ್ಲಿ ಒಂದು ಷರತ್ತನ್ನೂ ಸೇರಿಸಿದರು. ಚಲನಚಿತ್ರದಲ್ಲಿ ಒಬ್ಬರ ಪ್ರದರ್ಶನ ಪ್ರಾಸಂಗಿಕವಾದದ್ದಾಗಿದ್ದು, ಉದ್ಯಮದ ವಾಡಿಕೆಯಂತೆ ಹೆಸರುಗಳ ಪಟ್ಟಿಯಲ್ಲಿ ಅವರನ್ನು ಕಾಣಿಸುವುದಿಲ್ಲವಾದರೆ, ಅವರು ಪ್ರದರ್ಶನಕಾರರೇ ಅಲ್ಲ. ತಮ್ಮ ಪ್ರದರ್ಶನವನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕೊಂದನ್ನು ಮಾತ್ರ ಉಳಿಸಿದ್ದಾರೆ. ಹೆಸರು ಹಾಕದಿರುವ ವಾಡಿಕೆಯೇ ಹೆಸರು ಕೇಳದಂತೆ ಮಾಡುವ ಕಾನೂನಾಗಿಬಿಟ್ಟಿತು. ನಾಯಕನ ಹಿಂದೆ ಸಾಲುಗಟ್ಟಿ ಕುಣಿಯುವ ಗುಂಪಿನವರು, ಬೆಳಗಿನ ಆರಕ್ಕೆ ಬಣ್ಣ ಹಚ್ಚಿಕೊಂಡು ರಾತ್ರಿಯವರೆಗೆ ಒಂದೇ ಹೆಜ್ಜೆಯನ್ನು ಮತ್ತೆ ಮತ್ತೆ ಹಾಕುವವರು, ಈ ಷರತ್ತಿನೊಳಗೆ ಸುಲಭವಾಗಿ ಸಿಕ್ಕಿಬೀಳುತ್ತಾರೆ.

ಕನ್ನಡ ಚಿತ್ರಗಳ ಕೊನೆಯಲ್ಲಿ ಓಡುವ ಪಟ್ಟಿಯಲ್ಲಿ ನೃತ್ಯ ನಿರ್ದೇಶಕರ ಹೆಸರು ಬರುತ್ತದೆ, ಸಹಾಯಕರದು ಬರುತ್ತದೆ, ಊಟ ಕೊಟ್ಟವರ, ಗಾಡಿ ಓಡಿಸಿದವರ ಹೆಸರೂ ಹಲವು ಚಿತ್ರಗಳಲ್ಲಿ ಬರುತ್ತದೆ, ಬರಬೇಕಾದ್ದೇ. ಅದೇ ಪಟ್ಟಿಯಲ್ಲಿ ಕುಣಿದವರ ಹೆಸರನ್ನೂ ಹಾಕಿ. ಹಾಕುವುದೇ ವಾಡಿಕೆಯಾದ ದಿನ ಆ ಷರತ್ತಿನ ಕಾಲು ತಾನಾಗಿ ಮುರಿಯುತ್ತದೆ, ಅದಕ್ಕೆ ತಿದ್ದುಪಡಿ ಬೇಕಿಲ್ಲ, ದೆಹಲಿಗೆ ಹೋಗಬೇಕಿಲ್ಲ. ಸಿನಿಮಾ ಕೆಲಸದವರು ಈ ಸಭೆಯಲ್ಲಿದ್ದರೆ ಅವರ ಮುಂದೆ ನಾನಿಡುವ ಕೋರಿಕೆ ಇದೊಂದೇ.